ನೂರೆಂಟು ಡಿಗ್ರಿ

ಬಂದರಿನ ದಕ್ಕೆಯ ಹಿಂದೆ, ಐಸಿನ ಕಾರ್ಖಾನೆಗೆ ತಾಗಿ
ನನ್ನ ಅಂಗಡಿ. ಹೊರಗೆ ಒಣಮೀನು, ಒಳಗೆ ಬೆಸುಗೆಯ ಹೊಗೆ.
ದೋಣಿಯ ರೇಡಿಯೊ, ಆಳ ಅಳೆಯುವ ಪೆಟ್ಟಿಗೆ,
ಉಪ್ಪುಗಾಳಿ ತಿಂದು ಉಳಿದದ್ದೆಲ್ಲ ಇಲ್ಲಿಗೆ ಬರುತ್ತದೆ.
ಈ ಸಲ ಕೆಟ್ಟದ್ದು ನನ್ನದೇ.
ಇಪ್ಪತ್ತಾರು ವರ್ಷ ಮೇಜಿನ ಮೂಲೆಯಲ್ಲಿ ಕೂತು
ಬೇರೆಯವರ ತಪ್ಪು ಎಣಿಸುತ್ತಿದ್ದ ಕೌಂಟರು.

ಉಪಗ್ರಹದ ಮಿಡಿತಕ್ಕೆ ಹಿಡಿದು ನೋಡಿದೆ:
ಸೆಕೆಂಡಿಗೆ ಒಂದು ಕೋಟಿ ಸಲ ನಡುಗಬೇಕಾದ ಹರಳು
ಇನ್ನೂರ ಹನ್ನೆರಡು ಕಡಿಮೆ ನಡುಗುತ್ತಿದೆ.
ಮೀನಿನವರಿಗೆ ಅದು ಲೆಕ್ಕವೇ ಅಲ್ಲ.
ನನಗೆ ನಿದ್ದೆ ಬರಲಿಲ್ಲ.

ಹರಳಿಗೆ ಒಂದು ಒಲೆ ಉಂಟು, ಬೆಂಕಿಪೊಟ್ಟಣದಷ್ಟು.
ಹೊರಗೆ ಸೆಕೆಯಿರಲಿ, ಆಟಿಯ ಮಳೆಯಿರಲಿ,
ಒಳಗೆ ಸದಾ ಎಂಬತ್ತು ಡಿಗ್ರಿ.
ಸ್ವಿಚ್ಚು ಆರಿಸಿದರೂ ಒಲೆ ಆರುವುದಿಲ್ಲ.
ಕರೆಂಟು ಹೋಗುವ ರಾತ್ರಿಗೆಂದು
ಬ್ಯಾಟರಿ ಬೇರೆ ಕಟ್ಟಿದ್ದೇನೆ ಅದಕ್ಕೆ.

ಡಬ್ಬ ಬಿಚ್ಚಿದರೆ ಸ್ಪಂಜು ಹಳೇ ರಸ್ಕಿನ ಹಾಗೆ ಉದುರಿತು.
ಬೆರಳಿಟ್ಟೆ. ತಣ್ಣಗೆ,
ಬುಟ್ಟಿಯ ತಳದ ಬಂಗುಡೆಯ ಹಾಗೆ.
ಫ್ಯೂಸಿನ ಎರಡು ಕಾಲಿಗೆ ಮೀಟರು ಹಿಡಿದೆ.
ಕೂಗಲಿಲ್ಲ.

ಫ್ಯೂಸು ಹೋಗಿದೆ ಎಂದು ಗೊತ್ತಾದರೆ ಸಾಲದು,
ಯಾರು ಕೊಂದರು ಎಂದು ನೋಡಬೇಕು.
ಟ್ರಾನ್ಸಿಸ್ಟರು ಎರಡೂ ಸರಿ.
ಥರ್ಮಿಸ್ಟರಿಗೆ ಉಸಿರು ಊದಿದರೆ ಓಮು ಇಳಿಯುತ್ತದೆ, ಸರಿ.
ಹಲಗೆಯ ಮೇಲೆ ಕಪ್ಪಿಲ್ಲ, ಕರಕಲು ವಾಸನೆಯಿಲ್ಲ,
ಒಲೆ ಒಂದು ದಿನವೂ ಮಿತಿ ಮೀರಿದ್ದಿಲ್ಲ.
ನೂರೆಂಟಕ್ಕೆ ಕರಗಬೇಕಾದದ್ದು
ಎಂಬತ್ತರಲ್ಲೇ ಕೂತು ಕೂತು,
ಒಳಗಿನ ಗುಳಿಗೆ ವರ್ಷಕ್ಕೊಂದು ಕೂದಲೆಳೆಯಷ್ಟು ಸವೆದು
ಯಾವತ್ತೋ ಸುಮ್ಮನೆ ಕೈಬಿಟ್ಟಿತ್ತು.

ಮೊಯ್ದಿನಬ್ಬ ಕಾಕ ಅನ್ನದ ಕುಕ್ಕರಿನ ಫ್ಯೂಸು ತೋರಿಸಿದರು.
"ಇದು ನೂರ ಎಪ್ಪತ್ತೆರಡರದ್ದಲ್ವಾ ಕಾಕ?"
"ಜಾಸ್ತಿ ಇದ್ದರೆ ಒಳ್ಳೆಯದಲ್ವಾ ನಿಮಗೆ?"
ಜಾಸ್ತಿ ಇದ್ದರೆ, ಎಲ್ಲ ಬೆಂದ ಮೇಲೆ ಅದಕ್ಕೆ ಎಚ್ಚರ.
ಕೊನೆಗೆ ಅಂಚೆಯಲ್ಲಿ ಬಂದವು, ನೂರೆಂಟರವು, ಎರಡು.

ಮೊದಲನೆಯದನ್ನು ನಾನೇ ಕೊಂದೆ.
ಬೆಸುಗೆಯ ಮೊನೆಯಲ್ಲಿ ಮುನ್ನೂರೈವತ್ತು;
ಕಾಲಿನಿಂದ ಹೊಟ್ಟೆಗೆ ಹತ್ತಲು ಎರಡು ಸೆಕೆಂಡು.
ಬಿಸಿ ಕಾಯಲು ಬಂದದ್ದು
ಹೊಸ್ತಿಲಲ್ಲೇ ಬಿಸಿಗೆ ಹೋಯಿತು.

ಕಾಯಿಲಿಗೊಂದು ಕೈ, ಸೀಸಕ್ಕೊಂದು,
ಒದ್ದೆ ಹತ್ತಿ ಸುತ್ತಿದ ಇಕ್ಕಳದಲ್ಲಿ ಕಾಲು ಹಿಡಿಯಲು ಇನ್ನೊಂದು.
ನನಗಿರುವುದು ಎರಡು.

ಲಿಗೋರಿಯ ಮನೆ ಬೊಕ್ಕಪಟ್ಣ.
ನಡೆದರೆ ಹತ್ತು ನಿಮಿಷ,
ನಡೆಯದೆ ಹನ್ನೊಂದು ವರ್ಷ.
ಒಂದೇ ಮೇಜಿನಲ್ಲಿ ಕೆಲಸ ಕಲಿತವರು ನಾವು.
ಹಣದ ಮಾತು? ಇಲ್ಲ.
ಅವನ ಮಗಳ ರೋಸಿಗೆ ಹೋಗಿದ್ದೆ,
ಹಂದಿ ಬಿಟ್ಟು ಸಾನ್ನ ಮಾತ್ರ ತಿಂದೆನೆಂದು ನಗಾಡಿದ್ದ.
ಆಮೇಲೆ ಎಂತದೂ ಇಲ್ಲ.
ಎಷ್ಟು ತಡಕಿದರೂ ಎಂತದೂ ಇಲ್ಲ.

ಫೋನು ಮಾಡಿದೆ. ಬಂದ.
ಓದುವ ಕನ್ನಡಕ ಹಾಕಿಕೊಂಡ,
ಕೇಳದೆ ಎಡಗಡೆಯ ಡ್ರಾಯರು ಎಳೆದು ಇಕ್ಕಳ ತೆಗೆದ.
ಹತ್ತಿ ಸುಯ್ಯೆಂದಿತು.
"ಸಾಕು ವಾರಿಜಾ, ತೆಗಿ."
"ಇನ್ನೊಂದು ಚೂರು."
"ತೆಗಿ ಮಾರಾಯ್ತಿ, ನನ್ನ ಬೆರಳು ಬೇಯುತ್ತದೆ!"
ತೆಗೆದೆ.
ಮೀಟರು ಕೂಗಿತು.

ಪ್ಲಗ್ಗು ಹಾಕಿದೆವು.
ಏಳು ನಿಮಿಷ ಕರೆಂಟು ನಾನೂರ ಹತ್ತರಲ್ಲಿ ಅಲ್ಲಾಡದೆ ಕೂತಿತು;
ಇಳಿಯದಿದ್ದರೆ ಆರಿಸಲು
ಅವನ ಬೆರಳು ಸ್ವಿಚ್ಚಿನ ಮೇಲೆ.
ಮುನ್ನೂರ ತೊಂಬತ್ತು. ಮುನ್ನೂರು. ನೂರ ಅರುವತ್ತು.
ಹರಳಿನ ಕೊರತೆ ಒಂಬತ್ತು, ಮೂರು, ಅರ್ಧ.

"ಪೂರ್ತಿ ಕೂರಲು ಎರಡು ದಿನ ಬೇಕು," ಅಂದೆ.
"ನಾಳೆ ಬಂದು ನೋಡುವ," ಅಂದ.
ಇಷ್ಟು ವರ್ಷ ಯಾಕೆ ಬರಲಿಲ್ಲ, ನಾನು ಕೇಳಲಿಲ್ಲ.
ನಾನು ಯಾಕೆ ಹೋಗಲಿಲ್ಲ, ಅವನೂ.

ಲೈಟು ಆರಿಸಿದ ಮೇಲೆ, ಶಟರು ಎಳೆಯುವ ಮೊದಲು
ಕತ್ತಲಲ್ಲಿ ಡಬ್ಬದ ಮೇಲೆ ಅಂಗೈ ಇಟ್ಟೆ.
ಬಿಸಿ ಎನ್ನುವಷ್ಟಿಲ್ಲ;
ಗಂಜಿ ಬಡಿಸಿದ ಬಟ್ಟಲಿನ ಹೊರಮೈಯಷ್ಟು.