ಕ್ಯಾಮರಾದ ಬೂಟು

ಶೇಡಬಾಳದ ಮದುವ್ಯಾಗ
ಅಕ್ಕಿಕಾಳು ಬೀಳೂಮುಂದ
ನನ್ನ ಫ್ಲ್ಯಾಶ್ ಮೂಕಾತು.
ಒತ್ತಿದೆ: ಚಿಟಕ್ ಅಂತು, ಬೆಳಕಿಲ್ಲ.
ಮತ್ತ ಒತ್ತಿದೆ. ಚಿಟಕ್.
ಬೀಗರ ಪೈಕಿ ಒಬ್ಬಾಂವ
"ಏನೋ ತಮ್ಮಾ, ಕರೆಂಟ್ ಬಿಲ್ ಕಟ್ಟಿಲ್ಲೇನು?" ಅಂದ.
ನಕ್ಕವರ ಹಲ್ಲು ಸೈತ
ಆ ಫೋಟೋದಾಗ ಕಪ್ಪಗ ಬಂದಾವ.

ರಾತ್ರಿ ಅಥಣಿಗೆ ಬಂದು
ಚಾಪಿ ಮ್ಯಾಲ ಎಲ್ಲಾ ಹರವಿ ಕುಂತೆ.
ಶೆಲ್ ಬದಲಿ ಮಾಡಿ ನೋಡಿದೆ. ಅದಲ್ಲ.
ಫ್ಲ್ಯಾಶ್ ಕಳಚಿ ಅದರದೇ ಗುಂಡಿ ಒತ್ತಿದೆ,
ಧಗ್! ಗ್ವಾಡಿ ಮ್ಯಾಲ ಹಲ್ಲಿ ಬೆಚ್ಚಿತು.
ಅಂದ್ರ ಬೆಳಕಿಗೆ ಬ್ಯಾನಿಲ್ಲ,
ಬ್ಯಾನಿ ಕಾಲಾಗ ಐತಿ:
ಫ್ಲ್ಯಾಶಿನ ಪಾದ, ಕ್ಯಾಮರಾದ ಬೂಟು,
ಎರಡೂ ಮಾತು ಬಿಟ್ಟಾವ.

ಹೌದು, ಬೂಟು ಅಂತಾರ ಅದಕ್ಕ. ಹಾಟ್ ಶೂ.
ಮೊದಲ ಸಲ ಕೇಳಿದಾಗ ಸೋನವ್ವ ಚಿಗವ್ವ
ರಾಪಿ ಕೆಳಗಿಟ್ಟು ನಕ್ಕಿದ್ದಳು:
"ನಮ್ಮ ಕಸಬು ಬಿಟ್ಟು
ಎಲ್ಲಿ ಓಡಿಹೋದ್ಯೋ ಮಗನ?
ಅಲ್ಲೂ ಬೂಟಽ ಗಂಟುಬಿತ್ತು."

ಗಿರಾಕಿ ಅಂಗಾಲು ಅಳದಂಗ
ನೂಲು ಹಿಡಿದು ಅಳದಳು:
ಹೆಬ್ಬೆರಳಿನ ಉಗುರಷ್ಟು ಅಗಲ,
ಎರಡೂ ಕಡೆ ತುಟಿ, ಮುಂದೊಂದು ಗ್ವಾಡಿ,
ಹಿಂದಿನ ಬಾಗಿಲ ಸದಾ ತೆರೆದದ್ದು.
ಪ್ಲಾಸ್ಟಿಕ್ ಮುಚ್ಚಳ ನಾ ಎಂದೋ ಕಳಕೊಂಡಿದ್ದೆ;
ಕಬ್ಬಿನ ಟ್ರ್ಯಾಕ್ಟರಿನ ಧೂಳು ನೆಟ್ಟಗ ಒಳಗ.
ಆಡಿನ ಚರ್ಮ ಹೆರೆದು ಹೆರೆದು
ಎಲಿಯಷ್ಟು ತೆಳ್ಳಗ ಮಾಡಿ
ಒಂದು ಮುಚ್ಚಳ ಹೊಲಿದಳು, ಗಂಟು ಕಾಣದಂಗ.
ಪೇಟ್ಯಾಗ ಅಂಥಾದ್ದು ಸಿಗೂದಿಲ್ಲ.
ಒಂದು ಮಳಿಗಾಲ ಪೂರ್ತಿ ಹಾಕ್ಕೊಂಡು ತಿರುಗಿದೆ,
ಎಲ್ಲಾರಿಗೂ ತೋರಿಸಿಕೋತ.

ಈಗ ಬ್ಯಾಟರಿ ಹಚ್ಚಿ ಬಗ್ಗಿ ನೋಡ್ತೀನಿ:
ಐದು ಚುಕ್ಕಿ, ನಡುವಿಂದು ದೊಡ್ಡದು,
ಐದಕ್ಕೂ ಹಸಿರು,
ಹುಣಸಿಹಣ್ಣು ಕಾಣದ ದೇವರ ಸಾಮಾನಿನಂಗ.
ಜಾಲಿ ತೊಗಟಿ, ಅಳಲೆಕಾಯಿ ಕುಡಿದ ಚರ್ಮ
ಹಸೀ ಹವಾದಾಗ ಸಾವಕಾಶ ಬೆವತು
ಹಿತ್ತಾಳಿಗೆ ಉಣಿಸೈತಿ.

ಸಾಲಿ ಹುಡುಗರ ರಬ್ಬರ್ ತಗೊಂಡೆ.
ಒಂದೊಂದಽ ಚುಕ್ಕಿ, ಹಗೂರಕ,
ಕಣ್ಣಾಗಿನ ಕಸ ತಗದಂಗ.
ಪುಡಿ ಒಳಗ ಬೀಳಬಾರದಂತ
ಕ್ಯಾಮರಾ ತಲಿಕೆಳಗ ಹಿಡಿದೆ.
ಊದಲಿಲ್ಲ; ಬಾಯಿ ತೇವ ಮತ್ತ ಹಸಿರಽ ತರೂದು.
ನಾಲ್ಕು ಸ್ಕ್ರೂ ಸಡಲಾಗಿದ್ದವು.
ಅದು ಚಿಗವ್ವನ ತಪ್ಪಲ್ಲ, ನಂದು:
ಫ್ಲ್ಯಾಶ್ ಹಿಡದು ಕ್ಯಾಮರಾ ಎತ್ತಿದ್ದು,
ಜುಟ್ಟು ಹಿಡದು ಕೂಸು ಎತ್ತಿದಂಗ.
ಬಿಗಿ ಮಾಡಿದೆ. ಜಾರಿಸಿದೆ. ಕುಂತಿತು.
ಒತ್ತಿದೆ.
ಧಗ್.
ಹಲ್ಲಿ ಈ ಸಲ ಮನಿ ಬಿಟ್ಟಽ ಹೋತು.

ಮುಂಜಾನೆ ಅಕಿಗೆ ಹೇಳಬೇಕೋ ಬ್ಯಾಡೋ,
ಚಾ ಆರೂತನ ವಿಚಾರ ಮಾಡಿದೆ.
ಮುಚ್ಚಳ ಅಕಿ ಮುಂದ ಇಟ್ಟೆ, ಏನೂ ಅನಲಿಲ್ಲ.
ಎತ್ತಿ ಮೂಸಿದಳು.
ನಾಲಿಗಿ ತುದಿಗೆ ಹಚ್ಚಿದಳು.
"ಇನ್ನೂ ಒಗರು ಐತಿ," ಅಂದಳು,
"ಮನಷ್ಯಾರ ಕಾಲು ತಡಕೋತಾವ. ಇದು ತಡೀಲಿಲ್ಲ?"
"ಇಲ್ಲ."
"ನಾಜೂಕ ಕಾಲು."

ನನ್ನ ಕಪಾಟಿನ ತಳದಾಗಿಂದ
ಹಳೇ ನೆಗೆಟಿವ್ ಒಂದು ಎಳದು
ಕಿಡಕಿಗೆ ಹಿಡಿದು ನೋಡಿದಳು:
ಬಿಳೀ ಕೂದಲಿನ ಮದುಮಗಳು,
ಕಪ್ಪು ಹಲ್ಲಿನ ನಗಿ.
"ಯಾರಿವರು?"
ಗೊತ್ತಿಲ್ಲ. ಸಂಚಕಾರ ಕೊಟ್ಟು ಹೋದವರು
ತಿರುಗಿ ಬರಲಿಲ್ಲ, ಅಂದೆ.
"ಇರಲಿ. ಚರ್ಮದ ಒಳಗ ಹಚ್ಚತೀನಿ, ಬೆವರು ದಾಟೂದಿಲ್ಲ."
ಕತ್ತರಿ ಸುಮ್ಮನ
ಮದುಮಗನ ಹೆಗಲ ಮ್ಯಾಲಿಂದ ಹೋತು.

ಇವತ್ತು ಉಗಾರದಾಗ ಇನ್ನೊಂದು ಮದುವಿ.
ಹೊಸಾ ಮುಚ್ಚಳ: ಹೊರಗ ಆಡು,
ಒಳಗ ಯಾರೋ ಒಬ್ಬಾಕಿ, ಇನ್ನೂ ನಗಾಕತ್ತಾಳ.
ಮಂಟಪದ ಹೊರಗ
ಸೋನವ್ವ ಹೊಲಿದ ನನ್ನ ಚಪ್ಪಲಿ ಬಿಟ್ಟು
ಸೋನವ್ವ ಹೊಲಿದ ಇದನ್ನ
ಕೊರಳಾಗ ಹಾಕ್ಕೊಂಡಽ ಒಳಗ ಹೋದೆ,
ದೇವರ ಮಣಿ ತನಕ.
ಯಾರೂ ತಡೀಲಿಲ್ಲ.