ಹದಿನೇಳನೆಯ ಪ್ರಶ್ನೆ

ಅರಸೀಕೆರೆಯ ಜೂನಿಯರ್ ಕಾಲೇಜು, ಕೊಠಡಿ ಆರು.
ಬಾಗಿಲಲ್ಲೇ ಬಳೆ ಬಿಚ್ಚಿಸಿದರು, ವಾಚನ್ನೂ.
ಮೇಲ್ವಿಚಾರಕ ಹುಡುಗ
ಹಾಲ್ ಟಿಕೆಟಿನ ಮುಖವನ್ನೂ ನನ್ನ ಮುಖವನ್ನೂ
ಎರಡೆರಡು ಸಲ ನೋಡಿದ.
ಹನ್ನೆರಡು ವರ್ಷದ ಅತಿಥಿ ಶಿಕ್ಷಕಿ ನಾನು;
ಅತಿಥಿ ಅಂದರೆ, ಏಪ್ರಿಲಿಗೆ ಎದ್ದು ಹೋಗುವವಳು.

ಹದಿನೇಳನೆಯ ಪ್ರಶ್ನೆ:
'ಮಗುವೊಂದು ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತದೆ.
ಶಿಕ್ಷಕರು ಮೊದಲು ಏನು ಮಾಡಬೇಕು?'
ನಾಲ್ಕು ಉತ್ತರ, ನಾಲ್ಕು ಸೊನ್ನೆ,
ಒಂದಕ್ಕೆ ಮಾತ್ರ ಮಸಿ.

ಬಾಣಾವರದ ಹತ್ತಿರದ ಶಾಲೆಯಲ್ಲಿ
ಮೈಲಾರಿ ಎಂಬ ಹುಡುಗನಿಗೆ
ಬಿಸಿಯೂಟದ ತಟ್ಟೆಯಲ್ಲಿ ರಾಗಿ ಹರವಿ
ಬೆರಳು ಹಿಡಿದು ತಿದ್ದಿಸಿದ್ದೆ.
'ನ' ನೆಟ್ಟಗೆ ನಿಂತ ದಿನ
ಆ ರಾಗಿಯನ್ನೇ ಒಂದು ಹಿಡಿ ಮುಕ್ಕಿದ್ದ.
ಇಲ್ಲಿ ಯಾವ ಸೊನ್ನೆಯಲ್ಲೂ ರಾಗಿ ಇಲ್ಲ.

ಅಂತ ಸಿಟ್ಟು ಮಾಡಿಕೊಳ್ಳಬಹುದಿತ್ತು.
ಆದರೆ ಮೈಲಾರಿಗೂ ಮೊದಲು, ನನ್ನ ಮೊದಲ ವರ್ಷ,
ಕುರಿ ಕಾಯುವ ಕರಿಯಮ್ಮನ ಮಗ ತಿಮ್ಮೇಶನೂ
ಹಾಗೇ ಬರೆಯುತ್ತಿದ್ದ.
ಅಂಗೈ ಮೇಲೆ ರೂಲುದೊಣ್ಣೆ. ಒಂಬತ್ತು ದಿನ.
ಹತ್ತನೆಯ ದಿನ ಅವನು ಕುರಿಯ ಹಿಂದೆ ಹೋದ,
ನಾನು ಹಾಜರಿಯಲ್ಲಿ ಗೆರೆ ಎಳೆದೆ.
ಅದಕ್ಕೂ ಒಂದು ಹೆಸರಿದೆಯೆಂದು ಓದಿದ್ದು
ಈ ಪರೀಕ್ಷೆಗೆ ಕೊಂಡ ಗೈಡಿನಲ್ಲೇ:
ಇನ್ನೂರೈವತ್ತು ರೂಪಾಯಿ, ಪುಟ ತೊಂಬತ್ತೆಂಟು.

ಸರ್ಕಾರ ಇದನ್ನು ಅಂದೇ ಕೇಳಬೇಕಿತ್ತು,
ದೊಣ್ಣೆ ನನ್ನ ಕೈಗೆ ಬರುವ ಮೊದಲು.

ಮಸಿ ಗೆರೆ ದಾಟಬಾರದು, ಮಕ್ಕಳಿಗೆ ಹೇಳುತ್ತೇನಲ್ಲ,
ಹಾಗೆ ತುಂಬಿದೆ, ಮೂರನೆಯ ಸೊನ್ನೆ.
ಬೆಲ್ಲಾಯಿತು.
ಹೊರಗೆ ರಟ್ಟಿನ ಡಬ್ಬಿಯ ತುಂಬ ಎಲ್ಲರ ಬಳೆ;
ನನ್ನವು ಯಾವುವೆಂದು
ಸ್ವಲ್ಪ ಹೊತ್ತು ತಿಳಿಯಲಿಲ್ಲ.