ಹಗ್ಗ ಹಿಡಿದವನು

ಪೋಲೆಂಡಿನ ನಕಾಶೆ ಮಡಿಚಿದರೆ
ಮಡಿಕೆ ಬಂದು ಕೂರುವುದು ಸರಿಯಾಗಿ ನಮ್ಮೂರ ಮೇಲೆ.
ಅರ್ಧ ಹೆಸರು ಸವೆದಿದೆ.
ಉಳಿದರ್ಧವನ್ನು ಕಾಯುವವಳು ಪುರಸಭೆಯ ಬೊಗುಮಿಲಾ,
ಅವಳ ಹಸಿರು ರಟ್ಟಿನ ವಹಿಯಲ್ಲಿ
ಮಾರ್ಚ್ ಒಂದಕ್ಕೇ ಹದಿನೇಳು ದಿನಾಚರಣೆ.

ನಾಲ್ಕನೇ ತಾರೀಖು, ಚಕ್ರವರ್ತಿಯೊಬ್ಬ ಇಲ್ಲಿ ಇಳಿಯದೇ ಹೋದ ದಿನ.
ಕುದುರೆಗೆ ನೀರು ಕೇಳಿದನಂತೆ,
ಬಾವಿ ಹೆಪ್ಪುಗಟ್ಟಿತ್ತಂತೆ,
'ಛೆ' ಅಂದನಂತೆ.
ಆ ಛೆಗೊಂದು ಕಲ್ಲಿನ ಫಲಕವಿದೆ, ವರ್ಷಕ್ಕೊಂದು ಹಾರ,
ಮೇಯರ ಭಾಷಣ ನಲವತ್ತು ನಿಮಿಷ.
ಹನ್ನೊಂದಕ್ಕೆ, ಗೋಪುರದ ಗಡಿಯಾರ ನಿಂತುಹೋದದ್ದರ ನೆನಪು;
ಕಾರ್ಯಕ್ರಮ ನಾಲ್ಕೂ ಹತ್ತಕ್ಕೆ,
ಯಾರು ಯಾವಾಗ ಬಂದರೂ ತಡವಲ್ಲ.

ಇಪ್ಪತ್ತೊಂದು ಮಾತ್ರ ನನ್ನದು.
ಅವತ್ತು ಚಳಿಗಾಲವನ್ನು ಮುಳುಗಿಸುತ್ತೇವೆ.
ಮಝಾನ್ನಾ ಅವಳ ಹೆಸರು, ಹುಲ್ಲಿನ ಮೈ,
ಯಾರದೋ ಅತ್ತೆಯ ಪರದೆಯಿಂದ ಹೊಲಿದ ಲಂಗ,
ಕಾಲಿಗೆ ನನ್ನ ಹಳೇ ಅಗ್ನಿಶಾಮಕ ಬೂಟು.
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?
ಸೇತುವೆ ಮೇಲಿಂದ ಎಸೆದು, ಬೆನ್ನು ತಿರುಗಿಸಿ,
ಹಿಂದೆ ನೋಡದೆ ಮನೆಗೆ ನಡೆಯಬೇಕು.
ನೋಡಿದವರಿಗೆ ವರ್ಷವಿಡೀ ನೆಗಡಿ.

ಇದು ಹಿರಿಯರ ಕಾನೂನು. ಕಿರಿಯರದು ಬೇರೆ:
ಜಿಲ್ಲಾ ಕಚೇರಿಯಿಂದ ಕಾಗದ ಬಂತು,
ನದಿಗೆ ಕಸ ಹಾಕುವಂತಿಲ್ಲ, ಚಳಿಗಾಲವನ್ನೂ.
ಹಾಗೆ ಬಂತು ಅವಳ ಸೊಂಟಕ್ಕೆ ಹಗ್ಗ,
ಹಗ್ಗದ ತುದಿಗೆ ನಾನು.
ಒಂಬತ್ತು ವರ್ಷದಿಂದ ಊರಿಗೂರೇ ಹಾಡುತ್ತ ಹೋಗುತ್ತದೆ,
ನಾನೊಬ್ಬನೇ ಹಿಂದೆ ನೋಡುತ್ತೇನೆ,
ನೋಡದೆ ಎಳೆಯುವುದು ಹೇಗೆ?
ತೊಪ್ಪೆಯಾದವಳನ್ನು ಹೆಗಲ ಮೇಲೆ ಹೊತ್ತು
ಶಾಲೆಯ ರೇಡಿಯೇಟರಿನ ಮೇಲೆ ಒಣಹಾಕುತ್ತೇನೆ.
ಹೋದೆಯಾ ಪಿಶಾಚಿ ಅಂದರೆ ಇವಳು
ಗವಾಕ್ಷಿಯ ಗೋಜಿಗೇ ಹೋಗುವುದಿಲ್ಲ,
ನನ್ನ ಬೆನ್ನ ಮೇಲೆ ಕೂತು ಮುಂಬಾಗಿಲಿಂದಲೇ ಬರುತ್ತಾಳೆ.
ಏಪ್ರಿಲಿನಲ್ಲಿ ಹಿಮ ಬಿದ್ದರೆ
ಬೇಕರಿಯವಳು ನನಗೆ ಬನ್ನು ಕೊಡುವುದಿಲ್ಲ.

ಇನ್ನೊಂದು ತೊಡಕು. ಅದೇ ಇಪ್ಪತ್ತೊಂದು
ಶಾಲೆಗೆ ಚಕ್ಕರ್ ಹೊಡೆಯುವವರ ದಿನ.
ವಹಿಯಲ್ಲಿ ಇಲ್ಲ, ಆದರೂ
ಅಷ್ಟು ನಿಷ್ಠೆಯಿಂದ ನಡೆಯುವ ಆಚರಣೆ ಇನ್ನೊಂದಿಲ್ಲ.
ಈ ಸಲ ಸೇತುವೆಗೆ ಬಂದವರು
ಹೆಡ್‌ಮಿಸ್ ಹಾಲ್ಷ್ಕಾ, ತುತ್ತೂರಿಯ ಕ್ಲೆಯೋಫಾಸ್, ನಾನು,
ಮತ್ತೆ ಮೂರನೇ ಕ್ಲಾಸಿನ ಯಾಗ್ನಾ.
ಅವಳಿಗೆ ಯಾರೂ ಹೇಳಿರಲಿಲ್ಲ.
ಹೋದ ವರ್ಷ ಅವಳಿಗೆ ಗದ್ದಕಟ್ಟು, ಮುಳುಗಿಸುವುದನ್ನು ನೋಡಿರಲಿಲ್ಲ,
ಹೊಸ ರಿಬ್ಬನ್ನು ಕಟ್ಟಿಕೊಂಡು ಬಂದಿದ್ದಳು.

ಇಷ್ಟಕ್ಕೆ ತುತ್ತೂರಿ ಊದಲೇ? ಕ್ಲೆಯೋಫಾಸ್ ಕೇಳಿದ.
ಊದು, ಅಂದರು ಹೆಡ್‌ಮಿಸ್, ಹಾಜರಿ ಒಂದಿದೆ.

ಯಾಗ್ನಾ ಎಸೆದಳು. ಗಂಟು ಜಾರಿತು.
ಕಟ್ಟಿದ್ದು ನಾನೇ, ಮೂವತ್ತು ವರ್ಷ ಗಂಟು ಕಟ್ಟಿ ಬದುಕಿದವನು,
ಅದನ್ನಿಲ್ಲಿ ಉದ್ದ ಮಾಡುವುದು ಬೇಡ.
ಹಗ್ಗದ ಕೊನೆಗೆ ಬಂದದ್ದು ಒಂದು ಎಡಗಾಲ ಬೂಟು.
ಒಂಬತ್ತು ವರ್ಷದಲ್ಲಿ ಮೊದಲ ಸಲ
ಹಿಂದೆ ನೋಡಲು ನನಗೆ ಕಾರಣವೇ ಇರಲಿಲ್ಲ.
ನಡೆದೆ. ಕತ್ತು ಏನು ಮಾಡಬೇಕೋ ತಿಳಿಯದೆ
ಸುಮ್ಮನೆ ನೆಟ್ಟಗಿತ್ತು.

ಸಂತೆ ಚೌಕದ ಹತ್ತಿರ ಯಾಗ್ನಾ ನನ್ನ ತೋಳು ಜಗ್ಗಿದಳು:
ನಾನು ನೋಡಿಬಿಟ್ಟೆ.
ಏನು ಕಂಡಿತು?
ಅಂಗಾತ ಈಜುತ್ತಿದ್ದಳು, ಬಾತುಕೋಳಿಗಳು ದಾರಿ ಬಿಟ್ಟವು.
ಹೇಳಿದವಳೇ ಒಂದು ಸೀನು ಸೀನಿದಳು.

ಮಾರನೇ ಬೆಳಿಗ್ಗೆ ಕೆಳಗಿನೂರ ಪುರಸಭೆಯಿಂದ ಫೋನು.
ನಿಮ್ಮ ಚಳಿಗಾಲ ನಮ್ಮ ಗಿರಣಿಯ ಚಕ್ರಕ್ಕೆ ಸಿಕ್ಕಿದೆ.
ವಾಪಸ್ ಬೇಕೆ?
ಬೊಗುಮಿಲಾ ರಿಸೀವರ್ ಮುಚ್ಚಿ ನನ್ನ ಮುಖ ನೋಡಿದಳು,
ನಾನು ಚಾವಣಿ ನೋಡಿದೆ.
ಬೇಡವಾದರೆ ನಾವೇ ಇಟ್ಟುಕೊಳ್ಳುತ್ತೇವೆ, ಅಂದಿತು ಫೋನು,
ನಮ್ಮ ಮಾರ್ಚಿನಲ್ಲಿ ಏನೂ ಇಲ್ಲ,
ಬರುವ ವರ್ಷದಿಂದ ಇಪ್ಪತ್ತೆರಡಕ್ಕೆ
ಮೇಲಿನೂರವಳು ತೇಲಿ ಬಂದ ದಿನ, ಬೀಟ್‌ರೂಟ್ ಸಾರಿನ ಊಟ, ನೀವೂ ಬನ್ನಿ.

ಬೊಗುಮಿಲಾಳ ಮುಖ ಸಣ್ಣಗಾಯಿತು.
ಪೆನ್ನು ತೆಗೆದು, ವಹಿಯಲ್ಲಿ ಸಾಲು ಹುಡುಕಿ,
ಹದಿನೆಂಟು, ಎಂದು ಬರೆದಳು: ಗಂಟು ಜಾರಿದ ದಿನ.
ಫಲಕದ ಖರ್ಚಿನ ಮಾತೂ ಎತ್ತಿದಳು.

ಫೋನು ಇನ್ನೂ ಇಟ್ಟಿರಲಿಲ್ಲ.
ಆ ಕಡೆಯವರು ಕೊಂಚ ಸಂಕೋಚದಿಂದ ಕೇಳಿದರು,
ಅವಳ ಎಡಗಾಲ ಬೂಟು ನಿಮ್ಮಲ್ಲೇ ಉಳಿದಿರಬೇಕು,
ಕಳಿಸುತ್ತೀರಾ?
ಇಲ್ಲಿ ಇನ್ನೂ ಸ್ವಲ್ಪ ಚಳಿ.